ಒಂದೂವರೆ ಲಕ್ಷಕ್ಕೆ ರೋಡ್ ಬೈಕ್: ಕಾರ್ಬನ್ ಬೇಕೋ, ಅಲ್ಯೂಮಿನಿಯಂ ಸಾಕೋ?

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅಂಗಡಿಯವರು ಈ ಇಳಿಕೆಯನ್ನು ಪೂರ್ತಿ ಗಿರಾಕಿಗೆ ದಾಟಿಸಿದರೆ, ಒಂದೂವರೆ ಲಕ್ಷದ ಸೈಕಲ್ಲಿಗೆ ಒಂಬತ್ತು ಸಾವಿರಕ್ಕೂ ಮಿಕ್ಕಿ ಉಳಿಯುತ್ತದೆ. ಮೊನ್ನೆಮೊನ್ನೆಯವರೆಗೆ ದೂರದಿಂದಲೇ ನೋಡಿ ಬರುತ್ತಿದ್ದ ಕಾರ್ಬನ್ ನಾರಿನ ಫ್ರೇಮಿನ ರೋಡ್ ಬೈಕು (ವೇಗದ ಸವಾರಿಯ ಹಗುರ ಸೈಕಲ್ಲು) ಈಗ 'ಇನ್ನೊಂಚೂರು ಸೇರಿಸಿದರೆ ಬಂದೇಬಿಡುತ್ತದೆ' ಎನ್ನುವಷ್ಟು ಹತ್ತಿರ ಕಾಣುತ್ತಿದೆ. ಬೆಂಗಳೂರಿನಲ್ಲಿ ಭಾನುವಾರ ನಂದಿ ಬೆಟ್ಟಕ್ಕೆ ಹೋಗಿಬರುವವರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಹೊಸದಾಗಿ ದೂರದ ಸವಾರಿ ಶುರುಮಾಡಿದವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹ) ತಗೊಳ್ಳೋದಾ, ಸಾಲಸೋಲ ಮಾಡಿಯಾದರೂ ಕಾರ್ಬನ್ನಿಗೇ ಹೋಗೋದಾ?

ಒಂದೂವರೆ ಲಕ್ಷದ ಆಸುಪಾಸಿನಲ್ಲಿ ಕೊಳ್ಳುವವರಿಗೆ ನನ್ನ ಉತ್ತರ ಖಚಿತವಾಗಿದೆ: ಅಲ್ಯೂಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು (ಮುಂದಿನ ಚಕ್ರ ಹಿಡಿಯುವ ಕವಲು), ಉಳಿದ ದುಡ್ಡು ಟೈರು, ಬ್ರೇಕು, ಗೇರು ಮತ್ತು ಮೈಗೆ ಹೊಂದುವ ಅಳತೆಗೆ. ಕಾರ್ಬನ್ ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. ಈ ಬೆಲೆಯಲ್ಲಿ ಫ್ರೇಮಿಗೆ ಕೊಟ್ಟ ಹೆಚ್ಚುವರಿ ದುಡ್ಡನ್ನು ಕಂಪನಿ ಉಳಿದ ಬಿಡಿಭಾಗಗಳಿಂದಲೇ ಹಿಂದಕ್ಕೆ ಪಡೆಯುತ್ತದೆ, ಅದು ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ.

ಕಾರ್ಬನ್ ಫ್ರೇಮು ಯಾಕೆ ದುಬಾರಿ ಎಂಬುದನ್ನು ಮೊದಲು ನೋಡೋಣ. ಅಲ್ಯೂಮಿನಿಯಂ ಫ್ರೇಮಿಗೆ 6061 ಅಥವಾ 7005 ಎಂಬ ಮಿಶ್ರಲೋಹದ ಕೊಳವೆಗಳನ್ನು ಬೇಕಾದ ಆಕಾರಕ್ಕೆ ತಂದು, ವೆಲ್ಡ್ ಮಾಡಿ, ಕುಲುಮೆಯಲ್ಲಿ ಶಾಖ ಕೊಟ್ಟು ಗಟ್ಟಿಗೊಳಿಸುತ್ತಾರೆ. ಇದರಲ್ಲಿ ಕೈಕೆಲಸ ಕಡಿಮೆ. ಕಾರ್ಬನ್ನಿನದು ಬಹುಪಾಲು ಕೈಕೆಲಸವೇ. ರಾಳ ಸವರಿದ ಕಾರ್ಬನ್ ಬಟ್ಟೆಯನ್ನು ನೂರಾರು ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ ಹೇಳಿದ ದಿಕ್ಕಿಗೇ ಕೈಯಿಂದ ಹಚ್ಚಿ, ಅಚ್ಚಿನಲ್ಲಿಟ್ಟು ಬೇಯಿಸಬೇಕು. ದಿಕ್ಕು ಯಾಕೆ ಮುಖ್ಯವೆಂದರೆ, ಹತ್ತಿಯ ಪಂಚೆಯನ್ನು ನೂಲಿನ ನೇರಕ್ಕೆ ಎಳೆದರೆ ಜಗ್ಗುವುದಿಲ್ಲ, ಓರೆಯಾಗಿ ಎಳೆದರೆ ಜಗ್ಗುತ್ತದೆ. ಕಾರ್ಬನ್ ನಾರಿನ ಗುಣವೂ ಹಾಗೆಯೇ. ಪೆಡಲ್ ತುಳಿಯುವ ಕಡೆ ಬಿಗಿ, ಸೀಟಿನ ಕಡೆ ತುಸು ಬಳುಕು ಎಂಬ ಹದವನ್ನು ಈ ಪದರಗಳ ಜೋಡಣೆಯಲ್ಲೇ ತರುತ್ತಾರೆ. ಫ್ರೇಮಿನ ಒಂದೊಂದು ಸೈಜಿಗೂ ಬೇರೆ ಅಚ್ಚು ಬೇಕು. ಈ ಖರ್ಚೆಲ್ಲ ಬೆಲೆಯಲ್ಲಿ ಸೇರಿಯೇ ಸೇರುತ್ತದೆ.

ಇದರ ಮೇಲೆ ಆಮದಿನ ಹೊರೆ. ಕಾರ್ಬನ್ ಫ್ರೇಮುಗಳು ಬಹುಪಾಲು ಚೀನಾ, ತೈವಾನ್, ವಿಯೆಟ್ನಾಂ ಕಡೆಯಿಂದಲೇ ಬರಬೇಕು. 2023ರ ಕೇಂದ್ರ ಬಜೆಟ್‌ನಲ್ಲಿ ಆಮದು ಸೈಕಲ್ಲಿನ ಕಸ್ಟಮ್ಸ್ ಸುಂಕ ಶೇ 30ರಿಂದ ಶೇ 35ಕ್ಕೆ ಏರಿತು. ಹೀಗಾಗಿ ವಿದೇಶದ ಯೂಟ್ಯೂಬ್ ಚಾನೆಲ್‌ಗಳಲ್ಲಿ 'ಅಗ್ಗದ ಕಾರ್ಬನ್ ಸೈಕಲ್' ಎಂದು ಹೊಗಳುವ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ಲೆಕ್ಕ ಹಾಕಿದವರಿಗೆ ಇಲ್ಲಿನ ಅಂಗಡಿಯಲ್ಲಿ ನಿರಾಸೆಯಾಗುತ್ತದೆ. ಅಲ್ಲಿ ಸರಿಯೆನಿಸುವ ಸಲಹೆ ಇಲ್ಲಿಯ ಜೇಬಿಗೆ ಹೊಂದುವುದಿಲ್ಲ.

ಕಾರ್ಬನ್ನಿನ ಬಗ್ಗೆ ಮೊದಲು ಬರುವ ಮಾತು ಹಗುರ. ಅದರಲ್ಲಿ ಸುಳ್ಳಿಲ್ಲ. ಅಲ್ಯೂಮಿನಿಯಮ್ಮಿನ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 2.7 ಗ್ರಾಂ, ಕಾರ್ಬನ್ ಸಂಯುಕ್ತದ್ದು (ಕಾರ್ಬನ್ ನಾರು, ರಾಳ ಸೇರಿದ ವಸ್ತು) ಸುಮಾರು 1.6. ಆದರೆ ಇದು ಬರೀ ಫ್ರೇಮಿನ ಮಾತು, ಸೈಕಲ್ ಎಂದರೆ ಫ್ರೇಮ್ ಒಂದೇ ಅಲ್ಲ. ಕ್ಯಾನನ್‌ಡೇಲ್ ಕ್ಯಾಡ್ 13, ಟ್ರೆಕ್ ಎಮೊಂಡಾ ಎಎಲ್‌ಆರ್ ತರಹದ ಒಳ್ಳೆಯ ಅಲ್ಯೂಮಿನಿಯಂ ಫ್ರೇಮುಗಳು 1.1ರಿಂದ 1.2 ಕೆ.ಜಿ. ಆಸುಪಾಸಿನಲ್ಲಿವೆ. ಆರಂಭಿಕ ಬೆಲೆಯ ಎಷ್ಟೋ ಕಾರ್ಬನ್ ಫ್ರೇಮುಗಳ ತೂಕವೂ ಅಷ್ಟೇ. ಸಾಧಾರಣ ಅಲಾಯ್ ಫ್ರೇಮಿನೊಂದಿಗೆ ಹೋಲಿಸಿದರೂ ನಮ್ಮ ಬಜೆಟ್‌ನಲ್ಲಿ ಸಿಗುವ ಉಳಿತಾಯ ಅರ್ಧ ಕೆ.ಜಿ. ಸುತ್ತಮುತ್ತ. ಎಂಟುನೂರು ಗ್ರಾಮಿನೊಳಗಿನ ಫ್ರೇಮುಗಳು ಇವೆ, ಆದರೆ ಅವು ಇದಕ್ಕಿಂತ ಎಷ್ಟೋ ದುಬಾರಿ ಸೈಕಲ್ಲುಗಳ ಮೇಲೆ ಕೂತಿರುತ್ತವೆ.

ಅರ್ಧ ಕೆ.ಜಿ.ಯಿಂದ ಆಗುವ ಲಾಭವನ್ನು ನಂದಿ ಬೆಟ್ಟದ ಮೇಲೆಯೇ ಲೆಕ್ಕ ಹಾಕೋಣ. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಬುಡದಿಂದ ತುದಿಗೆ ಏಳೆಂಟು ಕಿಲೋಮೀಟರ್ ರಸ್ತೆಯಲ್ಲಿ ಏರಬೇಕಾದ್ದು ಸುಮಾರು 400 ಮೀಟರ್. ಸವಾರ, ಸೈಕಲ್, ನೀರು ಎಲ್ಲ ಸೇರಿ 80 ಕೆ.ಜಿ. ಎನ್ನಿ, ತುಳಿತದ ಶಕ್ತಿ 180 ವ್ಯಾಟ್ ಎನ್ನಿ. ಹವ್ಯಾಸಿ ಸವಾರನಿಗೆ ಇದು ಸುಮಾರು ಮೂವತ್ಮೂರು ನಿಮಿಷದ ಏರು. ಇದರಲ್ಲಿ ಅರ್ಧ ಕೆ.ಜಿ. ಇಳಿಸಿದರೆ ಉಳಿಯುವುದು ಹತ್ತು ಹನ್ನೆರಡು ಸೆಕೆಂಡು.

ಈಗ ಅದೇ ಸೈಕಲ್ಲಿನ ಟೈರನ್ನು ನೋಡಿ. ಅಗ್ಗದ, ತಂತಿ ಅಂಚಿನ ದಪ್ಪ ರಬ್ಬರ್ ಟೈರಿಗೂ ಒಳ್ಳೆಯ ಮೃದು ಟೈರಿಗೂ ಉರುಳುವಾಗಿನ ಪ್ರತಿರೋಧದ ಗುಣಾಂಕದಲ್ಲಿ 0.002ರಿಂದ 0.003ರಷ್ಟು ವ್ಯತ್ಯಾಸ ಸಾಮಾನ್ಯ. ಅದೇ 80 ಕೆ.ಜಿ., ಅದೇ ಏರು, ಅದೇ ತುಳಿತ. ಗಂಟೆಗೆ 13 ಕಿ.ಮೀ. ವೇಗದಲ್ಲಿ ಇದು ಆರರಿಂದ ಒಂಬತ್ತು ವ್ಯಾಟ್. ಸಮಯಕ್ಕೆ ತಿರುಗಿಸಿದರೆ ಒಂದು ನಿಮಿಷದಿಂದ ಒಂದೂವರೆ ನಿಮಿಷ. ಬಯಲಲ್ಲಿ, ದೇವನಹಳ್ಳಿ ಕಡೆಯ ಸಪಾಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಹೊಡೆಯುವಾಗ ವ್ಯಾಟಿನ ವ್ಯತ್ಯಾಸ ಇದರ ಇಮ್ಮಡಿ. ಜೋಡಿ ಟೈರಿನ ಬೆಲೆ ಎಂಟು ಹತ್ತು ಸಾವಿರ. ಕಾರ್ಬನ್ ಫ್ರೇಮಿಗೆ ಹೆಚ್ಚುವರಿಯಾಗಿ ಕೊಡುವುದು ಐವತ್ತು ಅರವತ್ತು ಸಾವಿರ. ಅಂಗಡಿಯಲ್ಲಿ ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಿ ತೂಗಿ ನೋಡುವವರೇ ಎಲ್ಲರೂ. ಟೈರಿನ ಅಂಚು ಹಿಸುಕಿ ನೋಡುವವರು ಅಪರೂಪ.

ಎರಡನೆಯ ಮಾತು ಆರಾಮದ್ದು. 'ಅಲಾಯ್ ಫ್ರೇಮು ಸೊಂಟ ಮುರಿಯುತ್ತೆ ಸರ್, ಕಾರ್ಬನ್ ಆದ್ರೆ ರಸ್ತೆನೇ ಗೊತ್ತಾಗಲ್ಲ' ಎಂಬ ಮಾತು ಎಲ್ಲ ಅಂಗಡಿಯಲ್ಲೂ ಕೇಳಿಬರುತ್ತದೆ. 23 ಮಿ.ಮೀ. ಟೈರಿಗೆ ಕಲ್ಲಿನಂತೆ ಗಾಳಿ ತುಂಬಿ ಓಡಿಸುತ್ತಿದ್ದ ಕಾಲಕ್ಕೆ ಈ ಮಾತಿಗೆ ಅರ್ಥವಿತ್ತು. ಈಗಿನ ಸೈಕಲ್ಲುಗಳಲ್ಲಿ 28, 30, 32 ಮಿ.ಮೀ. ಟೈರು ಸಲೀಸಾಗಿ ಕೂರುತ್ತದೆ. ಗಾಳಿಯ ಒತ್ತಡವನ್ನು ಹತ್ತು ಹದಿನೈದು ಪಿಎಸ್‌ಐ ಇಳಿಸಿದರೆ ಸಿಗುವ ಮೆತ್ತಗಿನ ಅನುಭವ ಯಾವ ಫ್ರೇಮಿನಿಂದಲೂ ಸಿಗದು. ಕೈಗೆ ಬರುವ ಅದುರನ್ನು ಕಾರ್ಬನ್ ಫೋರ್ಕು ತಕ್ಕಮಟ್ಟಿಗೆ ತಡೆಯುತ್ತದೆ, ಅದು ಒಳ್ಳೆಯ ಅಲಾಯ್ ಸೈಕಲ್ಲುಗಳಲ್ಲೂ ಇರುತ್ತದೆ. ಒಳ್ಳೆಯ ಕಾರ್ಬನ್ ಫ್ರೇಮು 200 ಕಿ.ಮೀ. ಬ್ರೆವೆಯ (ನಿಗದಿತ ಸಮಯದೊಳಗೆ ಮುಗಿಸುವ ದೂರದ ಸವಾರಿ) ಕೊನೆಯ ಎರಡು ಗಂಟೆಯಲ್ಲಿ ಮೈಗೆ ಹಿತವೆನಿಸುತ್ತದೆ, ಇದನ್ನು ಒಪ್ಪುತ್ತೇನೆ. ಆದರೆ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ 'ಈ ಫ್ರೇಮಿನಲ್ಲಿ ಎಷ್ಟು ಅಗಲದ ಟೈರು ಹಿಡಿಯುತ್ತದೆ?' ಎಂಬುದು. 25 ಮಿ.ಮೀ.ಗೆ ನಿಲ್ಲುವ ಹಳೆಯ ಕಾರ್ಬನ್ ಫ್ರೇಮಿಗಿಂತ 32 ಹಿಡಿಯುವ ಅಲಾಯ್ ಫ್ರೇಮು ನಮ್ಮ ಹಂಪು, ಗುಂಡಿ, ಅಗೆದು ಮುಚ್ಚಿದ ಪೈಪ್‌ಲೈನ್ ರಸ್ತೆಗಳಿಗೆ ಎಷ್ಟೋ ಮೇಲು.

ಒಂದೇ ಬೆಲೆಯ ಎರಡು ಸೈಕಲ್ಲುಗಳ ವಿವರಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ಓದಿದರೆ ದುಡ್ಡು ಎಲ್ಲಿ ಸೋರಿಹೋಗಿದೆಯೆಂದು ತಿಳಿಯುತ್ತದೆ. ಕಾರ್ಬನ್ ಸೈಕಲ್ಲಿನ ಪಟ್ಟಿಯಲ್ಲಿ ಮೊದಲ ಸಾಲು ಸೊಗಸಾಗಿರುತ್ತದೆ. ಕೆಳಗಿಳಿದಂತೆ ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಭಾಗ) ಒಂದು ಕಂಪನಿಯದು, ಪೆಡಲು ಕೂರುವ ಕ್ರ್ಯಾಂಕು ಹೆಸರಿಲ್ಲದ್ದು, ಚೈನು ಇನ್ನೊಂದರದು, ಬ್ರೇಕು ತಂತಿಯಿಂದ ಎಳೆಯುವ ಡಿಸ್ಕ್, ಚಕ್ರದ ಜೋಡಿ ಎರಡು ಕೆ.ಜಿ. ದಾಟಿದ್ದು, ಟೈರು ತಂತಿ ಅಂಚಿನದ್ದು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಅದೇ ದುಡ್ಡಿನ ಅಲಾಯ್ ಸೈಕಲ್ಲಿನಲ್ಲಿ ಶಿಮಾನೊ ಕಂಪನಿಯ ಟಿಯಾಗ್ರಾ, ಕೆಲವೊಮ್ಮೆ 105 ಗ್ರೂಪ್‌ಸೆಟ್ (ಗೇರು, ಕ್ರ್ಯಾಂಕು, ಬ್ರೇಕುಗಳ ಜೋಡಣೆ) ಪೂರ್ತಿಯಾಗಿ, ಹೈಡ್ರಾಲಿಕ್ ಬ್ರೇಕಿನೊಂದಿಗೆ ಬರುವ ಸಾಧ್ಯತೆ ಹೆಚ್ಚು. ಶಿಮಾನೊ ಸಾಲಿನಲ್ಲಿ ಕ್ಲಾರಿಸ್ ಎಂಟು ಸ್ಪೀಡಿನದು, ಸೋರಾ ಒಂಬತ್ತು, ಟಿಯಾಗ್ರಾ ಹತ್ತು, 105 ಹನ್ನೊಂದು ಅಥವಾ ಹನ್ನೆರಡು. ಗೇರಿನ ಸಂಖ್ಯೆಗಿಂತ ಗೇರಿನ ಹರವು ಮುಖ್ಯ.

ಹರವು ಎಂದರೆ ಅತಿ ಹಗುರ ಗೇರಿನಿಂದ ಅತಿ ಬಿಗಿ ಗೇರಿನವರೆಗಿನ ಅಂತರ. ಇದನ್ನು ಬಿಡಿಸಿ ಹೇಳಬೇಕು, ಹೊಸಬರು ಏರಿನಲ್ಲಿ ಸೋಲುವುದು ಇದರಿಂದಲೇ. ಮುಂದಿನ ಚಿಕ್ಕ ಚೈನ್‌ರಿಂಗಿಗೆ 34 ಹಲ್ಲು, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ 28 ಎನ್ನಿ. ನಿಮಿಷಕ್ಕೆ 60 ಸುತ್ತು ತುಳಿದರೂ ಸೈಕಲ್ಲು ಗಂಟೆಗೆ ಒಂಬತ್ತು ಕಿ.ಮೀ. ದಾಟಲೇಬೇಕು. ನೂರು ಮೀಟರಿಗೆ ಎಂಟು ಮೀಟರ್ ಏರುವ ತಿರುವಿನಲ್ಲಿ ಇದಕ್ಕೆ ಸುಮಾರು 170 ವ್ಯಾಟ್ ಬೇಕು. ಹಿಂದಿನದು 34 ಹಲ್ಲಿನದ್ದಾದರೆ ಅದೇ 60 ಸುತ್ತಿಗೆ ಏಳೂವರೆ ಕಿ.ಮೀ., ಸುಮಾರು 140 ವ್ಯಾಟ್. ಈ ಮೂವತ್ತು ವ್ಯಾಟ್ ಇಲ್ಲದವರು ಇಳಿದು ತಳ್ಳುತ್ತಾರೆ, ಇಲ್ಲವೇ ಬಿಗಿ ಗೇರು ತುಳಿದು ಮಂಡಿ ಹಾಳುಮಾಡಿಕೊಳ್ಳುತ್ತಾರೆ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವು ಹತ್ತುವಾಗ ಕಾಪಾಡುವುದು ಇಂಥ ಸಣ್ಣ ಗೇರು. ಮಳೆಯಲ್ಲಿ ಅದನ್ನೇ ಇಳಿಯುವಾಗ ಕಾಪಾಡುವುದು ಎರಡು ಬೆರಳಿಗೆ ಮಣಿಯುವ ಹೈಡ್ರಾಲಿಕ್ ಬ್ರೇಕು.

'ಕಾರ್ಬನ್ ಬಿದ್ದರೆ ಒಡೆಯುತ್ತದೆ' ಎಂದು ಹೆದರಿಸುವವರಿಗೂ ಒಂದು ಮಾತು. ಕಾರ್ಬನ್ ದುರ್ಬಲ ವಸ್ತು ಎಂಬುದು ಗಾಳಿಮಾತು. ಬೆಂಗಳೂರಿನ ಎಚ್‌ಎಎಲ್ ಕಟ್ಟುವ ತೇಜಸ್ ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಶೇ 45ರಷ್ಟು ಕಾರ್ಬನ್ ಸಂಯುಕ್ತವೇ. ಅದರ ತಂತ್ರಜ್ಞಾನದಲ್ಲಿ ಇದೇ ಊರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಪಾಲು ದೊಡ್ಡದು. ಸವಾರಿಯ ಭಾರವನ್ನು ಹೊರುವುದರಲ್ಲಿ ಒಳ್ಳೆಯ ಕಾರ್ಬನ್ ಫ್ರೇಮು ಅಲ್ಯೂಮಿನಿಯಮ್ಮಿಗಿಂತ ಹೆಚ್ಚು ಕಾಲ ಬಾಳಬಲ್ಲದು, ಯಾಕೆಂದರೆ ಅಲ್ಯೂಮಿನಿಯಂ ಲಕ್ಷಾಂತರ ಸಣ್ಣ ಅದುರಿಗೆ ಒಳಗೊಳಗೇ ದಣಿಯುವ ಲೋಹ. ತೊಂದರೆ ಬೇರೆ ಕಡೆ ಇದೆ. ಕಾರ್ಬನ್ನಿನ ಬಲ ಎಂಜಿನಿಯರ್ ಲೆಕ್ಕ ಹಾಕಿದ ದಿಕ್ಕುಗಳಲ್ಲಿ ಇರುತ್ತದೆ. ಅಡ್ಡದಿಂದ ಬಿದ್ದ ಪೆಟ್ಟು, ಒಂದು ಬಿಂದುವಿನ ಮೇಲೆ ಹಿಸುಕಿದ ಒತ್ತಡ ಅದರ ಲೆಕ್ಕದಲ್ಲಿಲ್ಲ. ಅಲ್ಯೂಮಿನಿಯಂ ತಗ್ಗು ಬಿದ್ದು ತೋರಿಸುತ್ತದೆ. ಕಾರ್ಬನ್ ಒಳಪದರ ಬಿಟ್ಟುಕೊಂಡರೂ ಮೇಲಿನ ಬಣ್ಣ ಹೊಳೆಯುತ್ತಲೇ ಇರಬಹುದು.

ನಮ್ಮ ದಿನಬಳಕೆಯಲ್ಲಿ ಈ ಹಿಸುಕು ಎಲ್ಲಿ ಬರುತ್ತದೆ? ಬಸ್ಸಿನ ಡಿಕ್ಕಿಯಲ್ಲಿ ಚೀಲಗಳ ನಡುವೆ ಮಲಗಿಸಿದಾಗ, ರೈಲಿನಲ್ಲಿ ಕಳಿಸಿದಾಗ, ಅಪಾರ್ಟ್‌ಮೆಂಟಿನ ಸ್ಟ್ಯಾಂಡಿನಲ್ಲಿ ಪಕ್ಕದ ಸೈಕಲ್ಲಿನ ಪೆಡಲು ಒರಗಿದಾಗ. ಎಲ್ಲಕ್ಕಿಂತ ಹೆಚ್ಚಾಗಿ ಸೀಟಿನ ಎತ್ತರ ಸರಿಮಾಡುವಾಗ. ಸೀಟ್‌ಪೋಸ್ಟನ್ನು, ಅಂದರೆ ಸೀಟು ಹೊರುವ ಕೊಳವೆಯನ್ನು, ಹಿಡಿದಿಡುವ ಹಿಡಿಕೆಯ ಬೋಲ್ಟಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಬಿಗಿತ ಸಾಕು. ಆ ಅಂಕಿ ಹಿಡಿಕೆಯ ಮೇಲೆಯೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಊರಿನ ಸೈಕಲ್ ಶಾಪಿನ ಮೇಸ್ತ್ರಿ ನಲವತ್ತು ವರ್ಷ ಉಕ್ಕಿನ ಸೈಕಲ್ಲು ಬಿಗಿದ ಕೈಯಿಂದ, ಅಲನ್ ಕೀಯ ಉದ್ದ ತುದಿ ಹಿಡಿದು, 'ಇನ್ನೊಂದು ಸ್ವಲ್ಪ' ಎಂದು ಕಾಲು ಸುತ್ತು ತಿರುಗಿಸಿದರೆ ಸಣ್ಣದೊಂದು ಚಿಟಕ್ ಕೇಳುತ್ತದೆ. ಅವರ ಕೈಚಳಕದಲ್ಲಿ ಕೊರತೆಯೇನಿಲ್ಲ, ಆ ಕೈ ಪಳಗಿದ್ದು ಬೇರೆ ಲೋಹದಲ್ಲಿ. ಕಾರ್ಬನ್ ಕೊಂಡವರು ಬಿಗಿತ ಅಳೆದು ತಿರುಗಿಸುವ, ಎರಡು ಮೂರು ಸಾವಿರದ ಟಾರ್ಕ್ ವ್ರೆಂಚನ್ನೂ ಕೊಳ್ಳಬೇಕು, ಬಿಗಿಯುವ ಕೆಲಸ ತಾವೇ ಕಲಿಯಬೇಕು. ಕರಾವಳಿಯವರಿಗೆ ಇನ್ನೊಂದು ಕೆಲಸವಿದೆ. ಉಪ್ಪುಗಾಳಿ, ಬೆವರು ಸೇರಿದರೆ ಕಾರ್ಬನ್ ಫ್ರೇಮಿನೊಳಗಿನ ಅಲ್ಯೂಮಿನಿಯಂ ಸೀಟ್‌ಪೋಸ್ಟು ಕಿಲುಬಿ ಕಚ್ಚಿಕೊಳ್ಳುತ್ತದೆ. ಕೆಲವು ತಿಂಗಳಿಗೊಮ್ಮೆ ಹೊರತೆಗೆದು, ಒರೆಸಿ, ಕಾರ್ಬನ್ ಪೇಸ್ಟ್ ಸವರಿ ಮತ್ತೆ ಕೂರಿಸಬೇಕು. ಒಡೆದ ಕಾರ್ಬನ್ನನ್ನು ರಿಪೇರಿ ಮಾಡಲು ಬರುತ್ತದೆ, ಆದರೆ ಅದನ್ನು ಬಲ್ಲವರು ಊರೂರಲ್ಲಿ ಇಲ್ಲ.

ಮಳೆಗಾಲದ ಮಾತು ಬಂದಿದ್ದರಿಂದ ಹೇಳುತ್ತೇನೆ: ಮಡ್‌ಗಾರ್ಡ್, ಕ್ಯಾರಿಯರ್ ಕೂರಿಸುವ ತೂತುಗಳು ದೂರದ ಸವಾರಿಯ ಅಲಾಯ್ ಫ್ರೇಮುಗಳಲ್ಲಿ ಹೆಚ್ಚಾಗಿ ಇರುತ್ತವೆ. ಆಫೀಸಿಗೂ ಅದೇ ಸೈಕಲ್, ಬ್ರೆವೆಗೂ ಅದೇ ಸೈಕಲ್ ಎನ್ನುವವರಿಗೆ ಇದು ಸಣ್ಣ ವಿಷಯವಲ್ಲ.

ನನಗೆ ಹೆಚ್ಚು ಕಳವಳವಾಗುವುದು ಮಕ್ಕಳ ವಿಷಯದಲ್ಲಿ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಹುಡುಗ ಹುಡುಗಿಯರು ಸೈಕ್ಲಿಂಗಿನಲ್ಲಿ ರಾಷ್ಟ್ರಮಟ್ಟದ ಪದಕ ತಂದವರು. ಆ ಸೀಮೆಯಲ್ಲಿ ಸೈಕಲ್ಲು ಶೋಕಿಯ ವಸ್ತು ಆಗಿರದೆ ಹಾಸ್ಟೆಲ್ ಸೀಟು, ಕ್ರೀಡಾ ಕೋಟಾ, ನೌಕರಿ ಎಲ್ಲದರ ದಾರಿಯಾಗಿದೆ. 'ಕಾರ್ಬನ್ ಇಲ್ಲದಿದ್ರೆ ರೇಸ್ ಗೆಲ್ಲಾಕ ಆಗಂಗಿಲ್ಲಪ್ಪ' ಎಂದು ಹದಿನಾಲ್ಕು ವರ್ಷದ ಮಗ ಹೇಳಿದಾಗ ಸಾಲ ಎತ್ತುವ ಅಪ್ಪಂದಿರಿದ್ದಾರೆ. ಆ ವಯಸ್ಸಿನ ಮಗು ಎರಡು ವರ್ಷದಲ್ಲಿ ಒಂದು ಸೈಜು ದಾಟುತ್ತದೆ. ಬಿದ್ದು ಏಳುವುದೂ ಆಗಲೇ ಹೆಚ್ಚು. ಸರಿಯಾದ ಅಳತೆಯ ಅಲಾಯ್ ಸೈಕಲ್ಲು, ಎರಡು ಜೊತೆ ಒಳ್ಳೆಯ ಟೈರು, ಊಟ ಮತ್ತು ತರಬೇತಿಗೆ ಉಳಿದ ದುಡ್ಡು, ಆ ವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚಿನ ವೇಗ ಕಾರ್ಬನ್ನಿನಿಂದ ಬರುವುದಿಲ್ಲ. 1998ರ ಟೂರ್ ಡಿ ಫ್ರಾನ್ಸ್ ಗೆದ್ದ ಮಾರ್ಕೊ ಪಂತಾನಿ ಆಲ್ಪ್ಸ್ ಪರ್ವತ ಹತ್ತಿದ್ದು ಬಿಯಾಂಕಿಯ ಅಲ್ಯೂಮಿನಿಯಂ ಫ್ರೇಮಿನ ಮೇಲೆ. ಇವತ್ತಿನ ಅಲಾಯ್ ಫ್ರೇಮುಗಳು ಅಂದಿನವಕ್ಕಿಂತ ಸುಧಾರಿಸಿವೆ.

ಹಾಗಾದರೆ ಕಾರ್ಬನ್ ಯಾವಾಗ? ಬಜೆಟ್ಟು ಎರಡೂಕಾಲು ಎರಡೂವರೆ ಲಕ್ಷ ದಾಟಿ, 105 ಮಟ್ಟದ ಗೇರು, ಹೈಡ್ರಾಲಿಕ್ ಬ್ರೇಕು, ಒಳ್ಳೆಯ ಚಕ್ರ ಯಾವುದನ್ನೂ ಬಿಟ್ಟುಕೊಡದೆ ಕಾರ್ಬನ್ ಸಿಗುವುದಾದರೆ ಧಾರಾಳವಾಗಿ ಕೊಳ್ಳಿ. ಕಳೆದ ವರ್ಷದ ಮಾದರಿ ನಿಮ್ಮದೇ ಸೈಜಿನಲ್ಲಿ, ಬಿಲ್ಲು ವಾರಂಟಿ ಸಮೇತ ರಿಯಾಯಿತಿಗೆ ಬಂದರೆ ಅದೂ ಒಳ್ಳೆಯ ಬೇಟೆ. ವಯಸ್ಕ ಸ್ಪರ್ಧಿಗಳು, ಬೆಟ್ಟದ ರೇಸಿನಲ್ಲಿ ಹತ್ತು ಸೆಕೆಂಡಿಗೂ ಬೆಲೆ ಇರುವವರು, ಆ ಹತ್ತು ಸೆಕೆಂಡನ್ನು ದುಡ್ಡು ಕೊಟ್ಟು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಚೆಂದದ ವಸ್ತುವೊಂದನ್ನು ಹೊಂದುವ ಆಸೆಯೂ ಕಾರಣವೇ. ಅದನ್ನು ಆಸೆಯೆಂದೇ ಒಪ್ಪಿಕೊಂಡು ಕೊಂಡರೆ ಆಮೇಲೆ ಪೇಚಾಡುವುದಿರುವುದಿಲ್ಲ.

ಆನ್‌ಲೈನ್ ಅಂಗಡಿಗಳಲ್ಲಿ ಇಪ್ಪತ್ತು ಮೂವತ್ತು ಸಾವಿರಕ್ಕೆ 'ಹೈ ಕಾರ್ಬನ್' ಎಂದು ಬರೆದ ಸೈಕಲ್ಲುಗಳಿಗೆ ಮರುಳಾಗಬೇಡಿ. ಅದು ಹೈ ಕಾರ್ಬನ್ ಸ್ಟೀಲ್, ಸಾದಾ ಉಕ್ಕು. ದೊಡ್ಡ ಬ್ರ್ಯಾಂಡಿನ ಹೆಸರು ಅಂಟಿಸಿದ ನಕಲಿ ಕಾರ್ಬನ್ ಫ್ರೇಮುಗಳೂ ಓಡಾಡುತ್ತಿವೆ. ಇಳಿಜಾರಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಜೀವ ಒಪ್ಪಿಸುವ ವಸ್ತುವಿನಲ್ಲಿ ಇಂಥ ಚೌಕಾಸಿ ಬೇಡ.

ಸೆಕೆಂಡ್ ಹ್ಯಾಂಡಿನಲ್ಲಿ ಕಾರ್ಬನ್ ಅರ್ಧ ಬೆಲೆಗೆ ಸಿಗುತ್ತದೆ, ಅದಕ್ಕೇ ಅಲ್ಲಿ ಎಚ್ಚರ ಹೆಚ್ಚು ಬೇಕು. ಹಗಲು ಬೆಳಕಿನಲ್ಲಿ, ಸೈಕಲ್ ತೊಳೆಸಿ ನೋಡಿ. ಹ್ಯಾಂಡಲ್ ಕೆಳಗಿನ ಹೆಡ್‌ಟ್ಯೂಬಿನ ಬುಡ, ಪೆಡಲಿನ ಹತ್ತಿರದ ಬಾಟಮ್ ಬ್ರ್ಯಾಕೆಟ್ ಸುತ್ತ, ಚೈನು ಉಜ್ಜುವ ಹಿಂದಿನ ಕೊಳವೆ, ಸೀಟ್‌ಪೋಸ್ಟ್ ಹೊಗುವ ಬಾಯಿ, ಈ ಜಾಗಗಳಲ್ಲಿ ಕೂದಲೆಳೆಯ ಗೆರೆ ಕಂಡರೂ ಬೆರಳ ಉಗುರು ಆಡಿಸಿ ನೋಡಿ. ಉಗುರು ತಡೆದರೆ ಅದು ಬರೀ ಬಣ್ಣದ ಗೀರಲ್ಲದೆ ಇರಬಹುದು. ಸೀಟ್‌ಪೋಸ್ಟ್ ಹೊರತೆಗೆಸಿ ಟಾರ್ಚ್ ಬಿಟ್ಟು ಒಳಗೆ ನೋಡಿ. ಐದು ರೂಪಾಯಿ ನಾಣ್ಯದಿಂದ ಕೊಳವೆಯುದ್ದಕ್ಕೂ ತಟ್ಟುತ್ತ ಹೋದರೆ ಗಟ್ಟಿ ಜಾಗದ ಸದ್ದು ಟಣ್ ಎಂದು ಒಂದೇ ತೆರನಾಗಿ ಬರುತ್ತದೆ, ಪದರ ಬಿಟ್ಟ ಕಡೆ ಮಂಕಾಗುತ್ತದೆ. ಕಾರ್ಬನ್ ರಿಮ್ಮಿನ ಮೇಲೆಯೇ ಹಿಡಿಯುವ ಬ್ರೇಕು ಇದ್ದರೆ ಘಟ್ಟದ ಉದ್ದ ಇಳಿಜಾರಿಗೆ ಅದು ಬೇಡ, ಬ್ರೇಕಿನ ಬಿಸಿಗೆ ರಿಮ್ಮು ಕೆಡುವ ಅಪಾಯವಿದೆ. ಬಹುತೇಕ ಕಂಪನಿಗಳ ಫ್ರೇಮ್ ವಾರಂಟಿ ಮೊದಲ ಮಾಲೀಕರಿಗಷ್ಟೇ ಎಂಬುದನ್ನೂ ಬೆಲೆ ಮಾತಾಡುವಾಗ ಲೆಕ್ಕಕ್ಕೆ ತಗೊಳ್ಳಿ.

ಒಂದೂವರೆ ಲಕ್ಷ ಕೈಯಲ್ಲಿದ್ದರೆ ನಾನು ಹಂಚುವುದು ಹೀಗೆ. ಒಂದು ಲಕ್ಷ ಇಪ್ಪತ್ತು ಸಾವಿರದೊಳಗೆ ಕಾರ್ಬನ್ ಫೋರ್ಕಿನ ಅಲಾಯ್ ಸೈಕಲ್ಲು, ಹಿಂದೆ 32 ಅಥವಾ 34 ಹಲ್ಲಿನ ಗೇರು, 30 ಮಿ.ಮೀ. ಟೈರಿಗೆ ಜಾಗ, ಬಾಟಮ್ ಬ್ರ್ಯಾಕೆಟ್ ತಿರುಪಿನಂತೆ ತಿರುಗಿಸಿ ಕೂರಿಸುವ ಬಗೆಯದ್ದು. ಒತ್ತಿ ಕೂರಿಸುವ ಬಗೆಯದ್ದು ನಮ್ಮ ದೂಳು ಮಳೆಗೆ ಕಿರುಗುಟ್ಟುವುದು ಬೇಗ. ಎಂಟು ಹತ್ತು ಸಾವಿರಕ್ಕೆ ಟೈರು. ಉಳಿದದ್ದರಲ್ಲಿ ಬೈಕ್ ಫಿಟ್ (ಸೀಟು, ಹ್ಯಾಂಡಲ್ಲನ್ನು ಮೈ ಅಳತೆಗೆ ಹೊಂದಿಸುವುದು), ಹೆಲ್ಮೆಟ್ಟು, ದೀಪ, ಪಂಪು. ಬೈಕ್ ಫಿಟ್ ಅನ್ನು ಐಷಾರಾಮ ಎಂದುಕೊಳ್ಳಬೇಡಿ. ಸಪಾಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಮೇಲೆ ನಮ್ಮನ್ನು ತಡೆಯುವುದರಲ್ಲಿ ಗಾಳಿಯದೇ ದೊಡ್ಡ ಪಾಲು, ಆ ಗಾಳಿಗೆ ಎದುರಾಗುವುದು ಹೆಚ್ಚಾಗಿ ಸೈಕಲ್ಲಿಗಿಂತ ಸವಾರನ ಮೈ. ಗಂಟೆಗಟ್ಟಲೆ ಬಾಗಿ ಕೂರಲು ಮೈ ಒಪ್ಪಬೇಕಾದರೆ ಅಳತೆ ಸರಿಯಿರಬೇಕು. ಅಂಗಡಿಯವರು ಸ್ಟಾಕಿನಲ್ಲಿರುವ 56 ಸೈಜನ್ನೇ ತೋರಿಸಿ 'ಸ್ಟೆಮ್ ಚಿಕ್ಕದು ಹಾಕ್ಕೊಡ್ತೀನಿ ಸರ್, ಸರಿಹೋಗುತ್ತೆ' (ಸ್ಟೆಮ್ ಎಂದರೆ ಹ್ಯಾಂಡಲ್ಲನ್ನು ಹಿಡಿಯುವ ತುಂಡು) ಎಂದರೆ ಎದ್ದು ಬನ್ನಿ. ನಿಮ್ಮ ಅಳತೆ 54 ಆಗಿದ್ದರೆ ಆ ಫ್ರೇಮಿಗೆ ಮೂರು ವಾರ ಕಾಯಬೇಕಾದರೂ ಕಾಯಿರಿ. ಬಂದ ಮೇಲೆ ಹತ್ತು ನಿಮಿಷವಾದರೂ ಓಡಿಸಿ ನೋಡಿ ದುಡ್ಡು ಕೊಡಿ, ಬಿಲ್ಲಿನಲ್ಲಿ ಫ್ರೇಮ್ ನಂಬರ್ ಬರೆಸಿಕೊಳ್ಳಿ.